ಸೀಟು ಕೊಟ್ಟರು, ಪ್ರಯೋಗಾಲಯ ಕೊಡಲಿಲ್ಲ

ಕೊಪ್ಪಳ ಜಿಲ್ಲೆಯ ಮಕ್ಕಳು ವಿಜ್ಞಾನ ಓದುತ್ತಿದ್ದಾರೆ, ಮಾಡುತ್ತಿಲ್ಲ. ಮಾಡಲು ಅವರನ್ನು ಯಾರೂ ಬಿಟ್ಟಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿ ಹೋದರೂ ಇಂದು ಬಿ.ಎಸ್ಸಿ. ಓದಲು ಕಾಲೇಜಿದೆ. ಗಂಗಾವತಿಯಲ್ಲಿ, ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಉತ್ತರ ಮೊದಲೇ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆಯನ್ನು ಬೆನ್ನುಹತ್ತಿ, ಅಳೆದು, ತಪ್ಪಿ, ಮತ್ತೆ ಅಳೆದು ಪದವಿ ಮುಗಿಸಿದ ವಿದ್ಯಾರ್ಥಿಯನ್ನು ಈ ನಾಲ್ಕೂ ಊರುಗಳಲ್ಲಿ ದೀಪ ಹಿಡಿದು ಹುಡುಕಬೇಕು. ಇದಕ್ಕೆ ಮಕ್ಕಳ ದಡ್ಡತನ ಕಾರಣವಲ್ಲ. ಬಡತನವೊಂದರ ಮೇಲೇ ಹಾಕಿ ಕೈತೊಳೆದುಕೊಳ್ಳಲೂ ಬರುವುದಿಲ್ಲ. ರಾಜ್ಯ ಸರ್ಕಾರ, ಬೆಂಗಳೂರಿನ ದೊಡ್ಡ ಸಂಶೋಧನಾ ಸಂಸ್ಥೆಗಳು, ನಮ್ಮ ಜನಪ್ರತಿನಿಧಿಗಳು ಮತ್ತು ನಮ್ಮವೇ ಕಾಲೇಜುಗಳು, ಈ ನಾಲ್ವರೂ ತಪ್ಪಿತಸ್ಥರು ಎಂಬುದು ನಮ್ಮ ತೀರ್ಪು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಐದು ವರ್ಷಕ್ಕೆ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕುಷ್ಟಗಿಯೂ ಯಲಬುರ್ಗಾವೂ ಇದ್ದವು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟ, ದೆಹಲಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ಪಟ್ಟು ಎರಡೂ ಸೇರಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371ಜೆ ವಿಧಿ ಬಂತು. 2013ರಲ್ಲಿ ಅದು ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮ ಮಕ್ಕಳಿಗೆ ಮೀಸಲಾಯಿತು. ಹೊಲ ಉತ್ತವರ ಮನೆಯ ಹುಡುಗಿ ಡಾಕ್ಟರಾದದ್ದು, ತಾಂಡಾದ ಹುಡುಗ ಎಂಜಿನಿಯರಾದದ್ದು ಅದರಿಂದಲೇ. ಆ ಉಪಕಾರವನ್ನು ಅಲ್ಲಗಳೆಯುವವರು ಕೃತಘ್ನರು.

ಆದರೆ 371ಜೆ ಕಾಲೇಜಿನ ಬಾಗಿಲವರೆಗೆ ಮಾತ್ರ ಕೈ ಹಿಡಿದು ಕರೆತರುತ್ತದೆ. ಬೇಸಿಗೆಯ ಎರಡು ತಿಂಗಳು ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಸಿಗುವ ಸ್ಟೂಲಿಗೆ ಅದು ಅನ್ವಯಿಸದು. ನಾಳೆ ಯಾರು ಎಂ.ಎಸ್ಸಿ.ಗೆ ಒಳ್ಳೆಯ ಸಂಸ್ಥೆಗೆ ಹೋಗುತ್ತಾರೆ, ಯಾರು ಪಿಎಚ್‌.ಡಿ. ಸಂದರ್ಶನದಲ್ಲಿ ತಡವರಿಸದೆ ಮಾತಾಡುತ್ತಾರೆ, ಯಾರು ವಿಜ್ಞಾನಿ ಎನ್ನಿಸಿಕೊಳ್ಳುತ್ತಾರೆ ಎಂಬುದು ಬಹುಪಾಲು ನಿರ್ಧಾರವಾಗುವುದು ಆ ಸ್ಟೂಲಿನ ಮೇಲೆ. ಬೆಂಗಳೂರಿನ ಮಧ್ಯಮವರ್ಗದ ಅಪ್ಪ ಅಮ್ಮಂದಿರಿಗೆ ಇದು ಗೊತ್ತು. ಮಗ ಎರಡನೆಯ ಸೆಮಿಸ್ಟರ್‌ನಲ್ಲಿರುವಾಗಲೇ ಫೋನು ತಿರುಗಿಸುತ್ತಾರೆ. ಕುಷ್ಟಗಿಯ ಅಪ್ಪನಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿಲ್ಲ. ಗೊತ್ತಿದ್ದರೂ ಯಾರಿಗೆ ಫೋನು ಮಾಡಬೇಕು?

ಕಾಲೇಜಿನೊಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಬಿ.ಎಸ್ಸಿ. ರಸಾಯನಶಾಸ್ತ್ರದ ಪ್ರ್ಯಾಕ್ಟಿಕಲ್. ಒಂದು ಬ್ಯುರೆಟ್‌ಗೆ ಮೂರು ನಾಲ್ಕು ಮಂದಿ. ಒಬ್ಬ ನಲ್ಲಿ ತಿರುಗಿಸುತ್ತಾನೆ, ಒಬ್ಬಳು ಫ್ಲಾಸ್ಕ್ ಅಲ್ಲಾಡಿಸುತ್ತಾಳೆ, ಉಳಿದವರು ನೋಡುತ್ತಾರೆ. ಫಿನಾಲ್ಫ್ತಲೀನ್ ಗುಲಾಬಿಯಾದಾಗ ಬಂದ ಅಂಕಿ 10.7. ಸೀನಿಯರ್ ರೆಕಾರ್ಡಿನಲ್ಲಿ ಇರುವುದು 10.2. ಬರೆದುಕೊಳ್ಳುವುದು 10.2, 10.2, 10.3. ಮಾಸ್ತರು ಕೆಂಪು ಪೆನ್ನಿನಲ್ಲಿ ಸಹಿ ಹಾಕುತ್ತಾರೆ. ಆ 10.7 ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ವಿಜ್ಞಾನ ಶುರುವಾಗಬೇಕಿದ್ದ ಜಾಗದಲ್ಲೇ ಅದರ ಕುತ್ತಿಗೆ ಹಿಚುಕಿ, ಇಂಟರ್ನಲ್ ಮಾರ್ಕ್ಸ್ ಕೊಟ್ಟು ಕಳಿಸುತ್ತೇವೆ. ಮೂರು ವರ್ಷ ಇದನ್ನೇ ಮಾಡಿದ ಮಗುವಿಗೆ, ಅಂಕಿಯನ್ನು ಹೊಂದಿಸಿ ಬರೆಯುವುದೇ ಪ್ರಯೋಗ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಸಂಜೆ ಅದೇ ಹುಡುಗಿ ಊರಿಗೆ ಹೋಗಿ ಕುಡಿಯುವ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಈ ಜಿಲ್ಲೆಯ ಅಂತರ್ಜಲದ ಫ್ಲೋರೈಡ್ ಕತೆ ಹೊಸದಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದ ಹಲ್ಲು, ಹೊತ್ತಿಗೆ ಮುಂಚೆ ಬಾಗಿದ ಬೆನ್ನು ನೋಡದವರಿಲ್ಲ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಾಗ 1.5ರವರೆಗೆ ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ಅದನ್ನು ಅಳೆಯುವುದು ಬಿ.ಎಸ್ಸಿ. ಎರಡನೆಯ ವರ್ಷದವರ ಕೈಗೆ ಮೀರಿದ ವಿದ್ಯೆಯೇನೂ ಅಲ್ಲ. ಸ್ಪ್ಯಾಂಡ್ಸ್ ಎಂಬ ಬಣ್ಣವನ್ನು ಜಿರ್ಕೋನಿಯಂ ಜೊತೆ ಸೇರಿಸಿದ ಕೆಂಪು ದ್ರಾವಣ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಆ ಕೆಂಪು ತೆಳ್ಳಗಾಗುತ್ತದೆ. ಎಷ್ಟು ತೆಳ್ಳಗಾಯಿತು ಎಂದು ನೋಡಲು ಒಂದು ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಯಾವ ಬಾವಿಯಲ್ಲಿ ಎಷ್ಟು? ಮಳೆಗೆ ಮುಂಚೆ ಎಷ್ಟು, ಆಮೇಲೆ ಎಷ್ಟು? ಐನೂರು ಅಡಿ ಕೊರೆದ ಮೇಲೆ ಏನಾಯಿತು? ಶುದ್ಧ ನೀರಿನ ಘಟಕದ ನಲ್ಲಿಯಲ್ಲಿ ನಿಜಕ್ಕೂ ಕಡಿಮೆ ಬರುತ್ತಿದೆಯೇ, ಅದು ಹೊರಚೆಲ್ಲುವ ನೀರು ಎಲ್ಲಿ ಇಂಗುತ್ತಿದೆ? ಪಟಿಕ (ಆಲಂ) ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ದಶಕಗಳ ಹಿಂದೆಯೇ ರೂಪಿಸಿತು. ಅದು ನಮ್ಮೂರ ನೀರಿಗೆ ಹೇಗೆ ಒಗ್ಗುತ್ತದೆ? ಇವೆಲ್ಲ ಪದವಿ ವಿದ್ಯಾರ್ಥಿ ಒಂದು ಬೇಸಿಗೆಯಲ್ಲಿ ಹಿಡಿದು ಮುಗಿಸಬಹುದಾದ ಪ್ರಶ್ನೆಗಳು. ಉತ್ತರ ಸೀನಿಯರ್ ರೆಕಾರ್ಡಿನಲ್ಲಿ ಸಿಗುವುದಿಲ್ಲ, ಹಾಗಾಗಿಯೇ ಇವು ಸಂಶೋಧನೆ. ಈ ಜಿಲ್ಲೆಯ ಕಾಲೇಜುಗಳು ಇವನ್ನು ಮಕ್ಕಳ ಕೈಗೆ ಕೊಡದಿರುವುದು ಹಣದ ಕೊರತೆಯಿಂದಲ್ಲ. ಮನಸ್ಸಿನ ಕೊರತೆಯಿಂದ.

ಹಾಗೆಂದು ಕಾಲೇಜಿನ ಮಾಸ್ತರರನ್ನಷ್ಟೇ ಹಿಡಿದು ಬಡಿಯುವುದೂ ಅನ್ಯಾಯವೇ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರಲ್ಲಿ ಪಿಎಚ್‌.ಡಿ. ಮಾಡಿದವರಿದ್ದಾರೆ, ಒಳ್ಳೆಯ ಪಾಠ ಹೇಳುವವರಿದ್ದಾರೆ. ಆದರೆ ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದವನು ಮೂರು ವರ್ಷದ ಸಂಶೋಧನಾ ಯೋಜನೆಗೆ ಕೈಹಾಕುವುದು ಹೇಗೆ? ಪಾಠದ ಗಂಟೆಗೆ ಸಂಬಳ ಎಣಿಸುವ ವ್ಯವಸ್ಥೆಯಲ್ಲಿ, ಸಂಜೆ ಐದರ ಮೇಲೆ ಮಗುವಿನ ಜೊತೆ ಪ್ರಯೋಗಾಲಯದಲ್ಲಿ ನಿಲ್ಲುವ ಗಂಟೆಗೆ ಬೆಲೆಯೇ ಇಲ್ಲ. 2023ರ ಕೊನೆಯಲ್ಲಿ ಅವರು ವಾರಗಟ್ಟಲೆ ಮುಷ್ಕರ ಕೂತರು. ಕಾಯಂ ಮಾಡಿ ಎಂಬ ಅವರ ಕೂಗಿನಲ್ಲಿ ಮಕ್ಕಳ ಭವಿಷ್ಯವೂ ಸೇರಿತ್ತು ಎಂದು ವಿಧಾನಸೌಧಕ್ಕೆ ಅನ್ನಿಸಿದ ಹಾಗೆ ಕಾಣಲಿಲ್ಲ.

ಎಂಜಿನಿಯರಿಂಗ್ ಕಡೆಯ ರೋಗ ಬೇರೆ ಥರದ್ದು. ಅಲ್ಲಿ ಪ್ರಾಜೆಕ್ಟ್ ಕಡ್ಡಾಯ. ಕಡ್ಡಾಯವಾದದ್ದಕ್ಕೆ ಅಂಗಡಿ ತೆರೆಯುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟ್ ಬೆಂಗಳೂರಿನಲ್ಲಿ ಸಿದ್ಧವಾಗಿ ಮಾರಾಟಕ್ಕಿದೆ; ಸರ್ಕ್ಯೂಟ್ ಬೋರ್ಡು, ವರದಿ, ವೈವಾದಲ್ಲಿ ಹೇಳಬೇಕಾದ ಉತ್ತರ ಎಲ್ಲಾ ಸೇರಿ ಒಂದು ರೇಟು. ಇದು ಎಲ್ಲರಿಗೂ ಗೊತ್ತು, ವೈವಾ ಮಾಡುವವರಿಗೂ ಗೊತ್ತು. ಇದರ ನಡುವೆಯೂ ನೆಟ್ಟಗೆ ನಡೆದುಬಂದ ಒಂದು ಕೆಲಸವನ್ನು ಹೆಸರಿಸಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಪ್ಪತ್ತರ ದಶಕದಿಂದ ಇಂದಿನವರೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ಆರಿಸಿ ಧನಸಹಾಯ ಕೊಡುತ್ತ ಬಂದಿದೆ. ಹಣ ಸಣ್ಣದು, ಆದರೆ ನಿಷ್ಠೆ ದೊಡ್ಡದು. ತೊಡಕು ಏನೆಂದರೆ, ಅಲ್ಲಿಗೆ ಪ್ರಸ್ತಾವನೆ ಬರೆದು ಕಳಿಸಲು ಕಾಲೇಜಿನಲ್ಲಿ ಒಬ್ಬರಿಗೆ ಹುರುಪು ಇರಬೇಕು. ಹುರುಪು ಇದ್ದ ಕಡೆ ಪ್ರತಿವರ್ಷ ಹಣ ಬರುತ್ತದೆ, ಇಲ್ಲದ ಕಡೆ ಸುತ್ತೋಲೆ ನೋಟಿಸ್ ಬೋರ್ಡಿನಲ್ಲಿ ಬಣ್ಣ ಮಾಸುತ್ತದೆ.

ಇನ್ನು ಬೇಸಿಗೆಯ ವಿಚಾರ. ಸಂಶೋಧನಾ ಸಂಸ್ಥೆಗಳು ಪದವಿ ಮಕ್ಕಳನ್ನು ಕರೆಯುವುದು ಮೇ, ಜೂನ್, ಜುಲೈನಲ್ಲಿ. ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳು ಸೇರಿ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಅಂಥದ್ದಿದೆ. ಹೊಟ್ಟೆಪಾಡಿನ ಮನೆಗಳಲ್ಲಿ ಅದೇ ಬೇಸಿಗೆಗೆ ಬೇರೆ ಕೆಲಸವಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಒಣಬೇಸಾಯದ ಊರುಗಳು ಆಗ ಗುಳೆ ಏಳುತ್ತವೆ. ಬೆಂಗಳೂರಿನ ಕಟ್ಟಡ, ಮಂಗಳೂರಿನ ಕಾಂಕ್ರೀಟು, ಗೋವಾದ ರಸ್ತೆ. ಕಾಲೇಜು ಮುಗಿದ ಹುಡುಗ ಮನೆಯವರ ಜೊತೆ ಹೋಗುತ್ತಾನೆ, ಇಲ್ಲವೇ ಊರಲ್ಲೇ ಉಳಿದು ಖಾತ್ರಿ ಕೆಲಸಕ್ಕೆ ಇಳಿಯುತ್ತಾನೆ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ₹370 ಇತ್ತು. ಅರವತ್ತು ದಿನಕ್ಕೆ ₹22,200. ಅವನು ಸಂಶೋಧನೆಗೆ ಹೋಗಬೇಕಾದರೆ ಮನೆ ಈ ಹಣವನ್ನು ಬಿಟ್ಟುಕೊಡಬೇಕು, ಜೊತೆಗೆ ಹಂಪಿ ಎಕ್ಸ್‌ಪ್ರೆಸ್ಸಿನ ಟಿಕೆಟು, ಬೆಂಗಳೂರಿನ ಪಿ.ಜಿ.ಯ ಅಡ್ವಾನ್ಸು, ಮೊದಲ ತಿಂಗಳ ಊಟಕ್ಕೆ ಕೈಯಿಂದ ಹಾಕಬೇಕು. ಎಷ್ಟೋ ಕಡೆ ಫೆಲೋಶಿಪ್ ಹಣ ಬರುವುದು ಕೆಲಸ ಮುಗಿದ ಮೇಲೆ. ಹಣ ಮೊದಲು ಹಾಕಿ ಆಮೇಲೆ ಪಡೆಯುವ ಶಕ್ತಿ ಇದ್ದವರ ಮಕ್ಕಳಿಗಷ್ಟೇ ಈ ಯೋಜನೆ ಎಂದು ಅರ್ಜಿಯಲ್ಲಿ ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ.

ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಕಾಗದದ ಮೇಲೆ ಚೆಂದದ ಯೋಜನೆ. ವರ್ಷಕ್ಕೆ ₹80,000, ಅದರಲ್ಲಿ ₹20,000 ಬೇಸಿಗೆ ಸಂಶೋಧನೆಗೇ ಮೀಸಲು. ಆದರೆ ಹನ್ನೆರಡನೆಯ ತರಗತಿ ಬೋರ್ಡಿನ ಮೊದಲ ಶೇ. 1ರೊಳಗೆ ಬರಬೇಕು, ಇಲ್ಲವೇ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳಲ್ಲಿ ರ‍್ಯಾಂಕ್ ಇರಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸರ್ಕಾರಿ ಪಿಯು ಕಾಲೇಜಿನ ಇಂಗ್ಲಿಷ್ ಫಿಸಿಕ್ಸಿಗೆ ಎರಡೇ ವರ್ಷದಲ್ಲಿ ಒಗ್ಗಿಕೊಂಡು ಶೇ. 82 ತೆಗೆದ ಯಲಬುರ್ಗಾದ ಹುಡುಗಿ, ಕೋಚಿಂಗ್ ಪಡೆದು ಶೇ. 97 ತೆಗೆದ ಪಟ್ಟಣದ ಹುಡುಗನಿಗಿಂತ ಹೆಚ್ಚು ದೂರ ನಡೆದು ಬಂದಿದ್ದಾಳೆ. ಯೋಜನೆಗೆ ಆ ನಡಿಗೆ ಲೆಕ್ಕಕ್ಕಿಲ್ಲ. ಎಂಜಿನಿಯರಿಂಗ್ ಮಕ್ಕಳಂತೂ ಅದರ ವ್ಯಾಪ್ತಿಯಲ್ಲೇ ಇಲ್ಲ.

ಭಾಷೆಯ ವಿಷಯದಲ್ಲಿ ದೇಶದ ವಿಜ್ಞಾನ ಸಂಸ್ಥೆಗಳ ನಡತೆ ಇನ್ನೂ ನಾಚಿಕೆಗೇಡು. ವಿಜ್ಞಾನದ ಮಕ್ಕಳಿಗೆ ಪರೀಕ್ಷೆ ನಡೆಸಿ ಫೆಲೋಶಿಪ್ ಕೊಡುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಶುರುವಾಯಿತು. ನಡೆಸುತ್ತಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಮೈಸೂರು ಮಹಾರಾಜರು ಕೊಟ್ಟ ನೆಲದ ಮೇಲೆ ನಿಂತ ಆ ಸಂಸ್ಥೆ ನಡೆಸಿದ ಪರೀಕ್ಷೆ ವರ್ಷಾನುಗಟ್ಟಲೆ ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು, ಕನ್ನಡದಲ್ಲಿರಲಿಲ್ಲ. ಅದನ್ನು ಪ್ರಶ್ನಿಸಿದ್ದು ಕನ್ನಡಿಗರೂ ಅಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠ ಪ್ರಾದೇಶಿಕ ಭಾಷೆಗಳ ಪ್ರಶ್ನೆ ಎತ್ತಿದ ಮೇಲೆ ಪರೀಕ್ಷೆ ಮುಂದಕ್ಕೆ ಹೋಯಿತು. 2022ರಲ್ಲಿ ಯೋಜನೆಯನ್ನೇ ನಿಲ್ಲಿಸಿ ಇನ್‌ಸ್ಪೈರ್‌ನಲ್ಲಿ ಕರಗಿಸಿದರು. ಕನ್ನಡದ ಹೆಸರಿನಲ್ಲಿ ಬೀದಿಗಿಳಿಯುವ ನಮ್ಮ ಸಂಘಟನೆಗಳು ಅಂಗಡಿ ಬೋರ್ಡಿಗೆ ತೋರಿದ ಆವೇಶದ ಕಾಲುಭಾಗವನ್ನು ಈ ಪ್ರಶ್ನೆಪತ್ರಿಕೆಗೆ ತೋರಿದ್ದರೆ ಎಷ್ಟೋ ಮಕ್ಕಳ ದಾರಿ ಬೇರೆಯಾಗುತ್ತಿತ್ತು.

ಅರ್ಜಿಯ ಜೊತೆ ಕೇಳುವ ಶಿಫಾರಸು ಪತ್ರದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ‘ಈ ವಿದ್ಯಾರ್ಥಿಯನ್ನು ನಾನು ಹತ್ತಿರದಿಂದ ಬಲ್ಲೆ’ ಎಂದು ಒಬ್ಬ ಅಧ್ಯಾಪಕ ಬರೆಯಬೇಕು. ಯಾರನ್ನು ಅಧ್ಯಾಪಕರು ಹತ್ತಿರದಿಂದ ಬಲ್ಲರು? ಮುಂದಿನ ಬೆಂಚಿನವನನ್ನು, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವವನನ್ನು, ತಮ್ಮ ಓಣಿಯವನನ್ನು. 2011ರ ಜನಗಣತಿಯಂತೆ ಈ ಜಿಲ್ಲೆಯ ಹತ್ತರಲ್ಲಿ ಮೂವರು ಪರಿಶಿಷ್ಟ ಜಾತಿ, ಪಂಗಡದವರು. ಹೆಣ್ಣುಮಕ್ಕಳ ಸಾಕ್ಷರತೆ ಆಗ ಶೇ. 57ರ ಆಸುಪಾಸಿನಲ್ಲಿತ್ತು. ಇದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸುವ ಹೊತ್ತಿಗೆ 2024ರ ಅಕ್ಟೋಬರ್ ಬಂದಿತ್ತು. ಅಂಥ ಓಣಿಯಿಂದ ಬಸ್ ಹತ್ತಿ ಕಾಲೇಜಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ ಹುಡುಗ ತಾನಾಗಿ ಹೋಗಿ ‘ಸರ್, ನನಗೊಂದು ಪತ್ರ ಬರೆದುಕೊಡ್ರಿ’ ಎಂದು ಕೇಳಲಿ ಎಂದು ಕಾಯುವುದು ಆಯ್ಕೆಯ ವಿಧಾನವಲ್ಲ, ಹೊರಗಿಡುವ ವಿಧಾನ. ಹುಡುಗಿಯಾದರೆ ಎರಡು ತಿಂಗಳು ಊರು ಬಿಟ್ಟು ಕಳಿಸಲು ಮನೆಯವರ ಒಪ್ಪಿಗೆಯೂ ಬೇಕು. ಹಾಸ್ಟೆಲು ಎಲ್ಲಿ, ಯಾರ ಜವಾಬ್ದಾರಿ, ರಾತ್ರಿ ಎಷ್ಟಕ್ಕೆ ಗೇಟು ಹಾಕುತ್ತಾರೆ ಎಂದು ಆ ತಾಯಿಗೆ ಕನ್ನಡದಲ್ಲಿ ಉತ್ತರಿಸುವ ಒಬ್ಬ ಮನುಷ್ಯ ಈ ವ್ಯವಸ್ಥೆಯಲ್ಲಿ ಎಲ್ಲಿದ್ದಾನೆ?

ಈಗ ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಬರೋಣ. ಮೇಲಿನ ಎಲ್ಲ ಕೊರತೆಗಳಿಗೂ ಉತ್ತರವಾಗಬೇಕಿದ್ದ ಸಂಸ್ಥೆ ಅದು. ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಏಳು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. 2023ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆ ಕದ ತಟ್ಟುತ್ತಿದ್ದಾಗ, ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಉದ್ಘಾಟಿಸಿದರು. ತಲಾ ಎರಡು ಕೋಟಿ ರೂಪಾಯಿ ಕೈಗಿಟ್ಟು ವಿಶ್ವವಿದ್ಯಾಲಯ ಮಾಡಿಕೊಳ್ಳಿ ಎಂದರು. ಆ ಹಣದಲ್ಲಿ ಒಂದು ಒಳ್ಳೆಯ ಪ್ರಯೋಗಾಲಯದ ಉಪಕರಣಗಳೂ ಬರುವುದಿಲ್ಲ. ತಳಕಲ್‌ನ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲೇ ವಿಶ್ವವಿದ್ಯಾಲಯದ ಬೋರ್ಡು ನಿಂತಿತು. ಸರ್ಕಾರ ಬದಲಾಯಿತು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಕೊಪ್ಪಳ ಅದರಲ್ಲೊಂದು. ಹಣವಿಲ್ಲ, ಸಿಬ್ಬಂದಿಯಿಲ್ಲ, ಜಾಗವಿಲ್ಲ ಎಂಬ ಕಾರಣ. ಕೊಡದೇ ಇದ್ದವರೇ ಇಲ್ಲ ಎಂಬ ಕಾರಣಕ್ಕೆ ಶಿಕ್ಷೆ ಕೊಡಲು ಹೊರಟರು. ಹೆರುವಾಗ ಆ ಪಕ್ಷ ಮಾಡಿದ್ದು ಚುನಾವಣೆಯ ಲೆಕ್ಕ, ಹೂಳುವಾಗ ಈ ಪಕ್ಷ ಮಾಡಿದ್ದು ಖಜಾನೆಯ ಲೆಕ್ಕ. ಮಕ್ಕಳ ಲೆಕ್ಕ ಇಬ್ಬರ ಪುಸ್ತಕದಲ್ಲೂ ಇರಲಿಲ್ಲ.

ನಾಲ್ಕು ವರ್ಷದ ಪದವಿಯ ಗತಿಯೂ ಅದೇ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ತಂದು, ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಎಂದರು. 2024ರಲ್ಲಿ ಮೂರು ವರ್ಷಕ್ಕೆ ಮರಳಿದರು. ಬಡವರ ಮಕ್ಕಳು ಇನ್ನೊಂದು ವರ್ಷ ಗಳಿಕೆಯಿಲ್ಲದೆ ಕೂರಲಾರರು ಎಂಬ ಆ ತೀರ್ಮಾನ ಸರಿಯೇ. ಆದರೆ ನಾಲ್ಕನೆಯ ವರ್ಷ ಹೋದಾಗ ಸಂಶೋಧನೆಯೂ ಅದರ ಜೊತೆ ಹೋಯಿತು. ಮೂರು ವರ್ಷದೊಳಗೇ ಅದಕ್ಕೊಂದು ಜಾಗ ಮಾಡುವ ಕೆಲಸವನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲು ಪಾಠ ನೆಟ್ಟಗಾಗಲಿ, ಸಂಶೋಧನೆಯ ಮಾತು ಆಮೇಲೆ ಎನ್ನುವವರಿದ್ದಾರೆ. ‘ಸುಮ್ನ ಪಾಸಾದ್ರ ಸಾಕ್ರಿ’ ಎಂಬ ಮಾತನ್ನು ಸ್ಟಾಫ್‌ರೂಮುಗಳಲ್ಲಿ ಕೇಳದವರಿಲ್ಲ. ಪಾಠ ನೆಟ್ಟಗಾಗುವುದೇ ಪ್ರಶ್ನೆ ಕೈಗೆ ಬಂದಾಗ ಎಂಬುದನ್ನು ಇವರು ಮರೆಯುತ್ತಾರೆ. ತನ್ನೂರ ಬಾವಿಯ ಫ್ಲೋರೈಡ್ ಅಳೆದವಳಿಗೆ ಬಣ್ಣದ ಗಾಢತೆಯಿಂದ ಪ್ರಮಾಣ ಹೇಳುವ ಬಿಯರ್ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ಪ್ರತಿಭೆ ಇದ್ದವನು ಹೇಗೂ ಮೇಲೆ ಬರುತ್ತಾನೆ ಎಂಬುದು ಎರಡನೆಯದು. ಉದಾಹರಣೆಗೆ ಯು.ಆರ್. ರಾವ್ ಅವರನ್ನು ತೋರಿಸುತ್ತಾರೆ. ಉಡುಪಿಯ ಅದಮಾರಿನಲ್ಲಿ ಹುಟ್ಟಿ, ನಮ್ಮ ಪಕ್ಕದ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಓದಿ, ಅನಂತಪುರದಲ್ಲಿ ಬಿ.ಎಸ್ಸಿ. ಮಾಡಿದವರು ಇಸ್ರೋ ಅಧ್ಯಕ್ಷರಾದರು. ನಿಜ. ಆದರೆ ಆ ಹುಡುಗ ಬನಾರಸಿನ ನಂತರ ಹೋಗಿ ಸೇರಿದ್ದು ವಿಕ್ರಮ್ ಸಾರಾಭಾಯಿಯವರ ಪ್ರಯೋಗಾಲಯವನ್ನು. ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಕಲಿತದ್ದು ಅಲ್ಲಿ. ಸಾರಾಭಾಯಿ ಬಾಗಿಲು ತೆರೆದಿದ್ದರು ಎಂಬ ಅರ್ಧ ಕತೆಯನ್ನು ಬಿಟ್ಟು, ರಾವ್ ನಡೆದು ಬಂದರು ಎಂಬ ಅರ್ಧವನ್ನಷ್ಟೇ ಹೇಳುವುದು ಮೋಸ. ಒಬ್ಬ ರಾವ್ ಬಂದದ್ದಕ್ಕೆ ಬಾರದೇ ಹೋದವರ ಲೆಕ್ಕ ತೀರುವುದಿಲ್ಲ.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಸಾಕ್ಷಿಯೂ ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ 1988ರಲ್ಲಿ ಮೇಯರ್‌ಹಾಫ್ ಎಂಬ ಯೋಜನೆ ಶುರುವಾಯಿತು. ಕಪ್ಪು ಜನಾಂಗದ ಮಕ್ಕಳನ್ನು ಪದವಿಯ ಮೊದಲ ವರ್ಷಕ್ಕೂ ಮುಂಚಿನ ಬೇಸಿಗೆಯಲ್ಲೇ ಕರೆಸಿ, ಗುಂಪಾಗಿ ಓದಿಸಿ, ಹಣ ಕೊಟ್ಟು ಪ್ರಯೋಗಾಲಯಗಳಿಗೆ ಕಳಿಸಿದರು. ಕೊರೊನಾ ಬಂದಾಗ ಮಾಡೆರ್ನಾ ಲಸಿಕೆಯ ಹಿಂದಿನ ಕೆಲಸದಲ್ಲಿ ಮುಂಚೂಣಿಯಲ್ಲಿದ್ದ ಕಿಜ್ಮೆಕಿಯಾ ಕಾರ್ಬೆಟ್ ಆ ಯೋಜನೆಯಲ್ಲಿ ಓದಿದ ಹುಡುಗಿ. ಅಲ್ಲಿನವರು ಮಾಡಿದ್ದರಲ್ಲಿ ಪವಾಡವೇನಿಲ್ಲ. ಬೇಗ ಕರೆದರು, ಹಣ ಕೊಟ್ಟರು, ಒಂಟಿಯಾಗಿ ಬಿಡಲಿಲ್ಲ.

ಹಾಗಾದರೆ ಇಲ್ಲಿ ಹಣ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ಕಲಬುರಗಿಯಲ್ಲಿದೆ. ಅಲ್ಲಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ಸತತ ಮೂರು ಬಜೆಟ್‌ಗಳಲ್ಲಿ ವರ್ಷಕ್ಕೆ ₹5,000 ಕೋಟಿ ಘೋಷಣೆಯಾಗಿದೆ. ಅಕ್ಷರ ಆವಿಷ್ಕಾರ ಎಂಬ ಹೆಸರಿನಲ್ಲಿ ಶಿಕ್ಷಣಕ್ಕೆಂದೇ ಅದರಲ್ಲಿ ಪಾಲಿದೆ. ಆ ಪಾಲಿನಲ್ಲಿ ಕೊಠಡಿಗಳಾಗುತ್ತವೆ, ಕಾಂಪೌಂಡುಗಳಾಗುತ್ತವೆ. ಗುತ್ತಿಗೆದಾರನಿಗೆ ಬಿಲ್ಲಾಗುವ ಎಲ್ಲವೂ ಆಗುತ್ತವೆ. ಸಂಶೋಧನೆಗೆ ಗುತ್ತಿಗೆದಾರ ಇಲ್ಲ, ಹಾಗಾಗಿ ಅದರ ಪರ ಓಡಾಡುವವರೂ ಇಲ್ಲ. ₹5,000 ಕೋಟಿಯ ಸಾವಿರದ ಒಂದು ಪಾಲು ಐದು ಕೋಟಿ. ಒಬ್ಬ ವಿದ್ಯಾರ್ಥಿಗೆ ಎರಡು ತಿಂಗಳಿಗೆ ₹30,000 ಭತ್ಯೆ, ವಸತಿ ಊಟಕ್ಕೆ ₹15,000, ಪ್ರಯಾಣಕ್ಕೆ ₹5,000, ರಾಸಾಯನಿಕ ಸಾಮಗ್ರಿಗೆ ₹10,000 ಎಂದು ಹಿಡಿದರೆ ₹60,000. ಐದು ಕೋಟಿಯಲ್ಲಿ ಏಳು ಜಿಲ್ಲೆಗಳ ಎಂಟುನೂರಕ್ಕೂ ಹೆಚ್ಚು ಮಕ್ಕಳು ಪ್ರತಿ ಬೇಸಿಗೆ ಸಂಶೋಧನೆ ಮಾಡಬಹುದು. ಕೊಪ್ಪಳದ ಪಾಲಿಗೆ ನೂರಕ್ಕೂ ಹೆಚ್ಚು. ಹಣ ಮುಂಗಡವಾಗಿ ಕೈಗೆ ಬರಬೇಕು, ಅದು ಖಾತ್ರಿ ಕೂಲಿಗಿಂತ ಹೆಚ್ಚಿರಬೇಕು. ಆಯ್ಕೆಗೆ ಅಂಕಪಟ್ಟಿ, ಶಿಫಾರಸು ಪತ್ರ ಸಾಲದು. ‘ನಿನಗೆ ಏನನ್ನು ತಿಳಿಯಬೇಕಾಗಿದೆ’ ಎಂಬ ಒಂದು ಪುಟ, ಕನ್ನಡದಲ್ಲಿ ಬರೆದರೂ ಸೈ, ಮುಖಾಮುಖಿ ಮಾತುಕತೆ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವವರಿಗೆ ಆದ್ಯತೆ. ವಿದ್ಯಾರ್ಥಿಗಳಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ನಡೆಸುವ ಹಿಂದುಳಿದ ವರ್ಗಗಳ ಕಲ್ಯಾಣ ಖಾತೆ 2023ರಲ್ಲಿ ಈ ಜಿಲ್ಲೆಯವರೇ ಆದ ಶಿವರಾಜ ತಂಗಡಗಿಯವರ ಕೈಗೆ ಬಂತು. ಹಿಂದೆ ಉನ್ನತ ಶಿಕ್ಷಣ ಸಚಿವರಾಗಿದ್ದ, ಮುಂದೆ ಮುಖ್ಯಮಂತ್ರಿಯ ಆರ್ಥಿಕ ಸಲಹೆಗಾರರಾದ ಬಸವರಾಜ ರಾಯರೆಡ್ಡಿ ಯಲಬುರ್ಗಾದ ಶಾಸಕರು. ಅಧಿಕಾರದ ಇಷ್ಟು ಹತ್ತಿರ ಈ ಜಿಲ್ಲೆ ಹಿಂದೆ ಇದ್ದದ್ದು ಕಡಿಮೆ. ತಿಳಿಯದೆ ಆಗಲಿಲ್ಲ ಎಂದು ಇವರಲ್ಲಿ ಯಾರೂ ಹೇಳುವಂತಿಲ್ಲ.

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಭತ್ತದ ತಳಿ ಕೊಟ್ಟಿದೆ, ಕಾಲುವೆ ಕೊನೆಯ ಸವಳು-ಜವಳು ಭೂಮಿಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಮುನಿರಾಬಾದ್‌ನಲ್ಲಿ ತೋಟಗಾರಿಕೆ ಕಾಲೇಜಿದೆ. ಊರಿನಲ್ಲೇ ಇರುವ ಈ ಸಂಸ್ಥೆಗಳ ಗೇಟಿನೊಳಗೆ ಪಕ್ಕದ ಬಿ.ಎಸ್ಸಿ. ಕಾಲೇಜಿನ ಎಷ್ಟು ಮಕ್ಕಳು ಕಾಲಿಟ್ಟಿದ್ದಾರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಚೈನ್ ಕಡಿದು ನೀರು ನುಗ್ಗಿತು. ಅಣೆಕಟ್ಟೆ ಗೇಟುಗಳ ತಜ್ಞ ಎನ್. ಕನ್ನಯ್ಯ ನಾಯ್ಡು ನೇತೃತ್ವದಲ್ಲಿ ಹರಿಯುವ ನೀರಿನಲ್ಲೇ ತಡೆಗೇಟು ಇಳಿಸಿದ ಆ ವಾರ ಎಂಜಿನಿಯರಿಂಗ್ ಮಕ್ಕಳಿಗೆ ಜೀವಮಾನದಲ್ಲಿ ಒಮ್ಮೆ ಸಿಗುವ ಪಾಠ. ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದ ಆ ಜಲಾಶಯ ನಮ್ಮ ಮನೆಬಾಗಿಲಲ್ಲೇ ಇದೆ. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಗವಿಮಠದ ಸ್ವಾಮಿಗಳ ನೇತೃತ್ವದಲ್ಲಿ ಕೊಪ್ಪಳ ಬಂದ್ ಆಯಿತು, ಇಡೀ ಊರು ಬೀದಿಗೆ ಬಂತು. ಗಾಳಿಯಲ್ಲಿ ಧೂಳೆಷ್ಟು ಎಂದು ವರ್ಷದುದ್ದಕ್ಕೂ ಅಳೆದು ಬರೆದಿಡುವ ಕೆಲಸ ಇಲ್ಲಿನ ಕಾಲೇಜು ಮಕ್ಕಳದ್ದಾಗಬೇಕು. ಅದಕ್ಕೆ ಕಾರ್ಖಾನೆಗಳ ಸಿಎಸ್‌ಆರ್ ಹಣ ಮಾತ್ರ ಬೇಡ. ಅಳೆಸಿಕೊಳ್ಳುವವನೇ ತಕ್ಕಡಿ ಕೊಡಿಸಿದರೆ ತೂಕ ಏನಾಗುತ್ತದೆಂದು ಸಂತೆಗೆ ಹೋದವರಿಗೆಲ್ಲ ಗೊತ್ತು.

ಬೆಂಗಳೂರಿನ ಸಂಸ್ಥೆಗಳಿಗೂ ಒಂದು ಮಾತು. ತೆರಿಗೆ ಹಣದಲ್ಲಿ ನಡೆಯುವ ನಿಮ್ಮ ಬೇಸಿಗೆ ಯೋಜನೆಗಳಲ್ಲಿ ಕಳೆದ ಹತ್ತು ವರ್ಷ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಂದ ಎಷ್ಟು ಮಕ್ಕಳನ್ನು ತೆಗೆದುಕೊಂಡಿರಿ ಎಂಬ ಪಟ್ಟಿಯನ್ನು ಹೊರಗಿಡಿ. ಶೇ. 8ರ ಲೆಕ್ಕ ನಿಮಗೆ ಕಾನೂನಿನಂತೆ ಅನ್ವಯಿಸದಿರಬಹುದು. ಅದನ್ನು ತಾವಾಗಿ ಪಾಲಿಸಬಾರದು ಎಂದು ಯಾವ ಕಾನೂನೂ ಹೇಳಿಲ್ಲ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಬಾರಿ ರೈಲು ಬಂತು. ಎಷ್ಟೋ ದಶಕ ಕಾದ ಜನ ಹೂವು ಹಾಕಿ ಸ್ವಾಗತಿಸಿದರು. ಇನ್ನೊಂದು ಪೀಳಿಗೆ ಪ್ರಯೋಗಾಲಯಕ್ಕೂ ಹಾಗೆಯೇ ಕಾಯಲಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕೊಪ್ಪಳ ವಿಶ್ವವಿದ್ಯಾಲಯ ಮುಚ್ಚುವ ಮಾತನ್ನು ಸರ್ಕಾರ ಬರಹದಲ್ಲಿ ಕೈಬಿಡಬೇಕು. ಬೇಸಿಗೆ ಸಂಶೋಧನೆಯ ಹೊಣೆಯನ್ನು ಅದಕ್ಕೇ ಒಪ್ಪಿಸಬೇಕು. ಪ್ರದೇಶಾಭಿವೃದ್ಧಿ ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಐದು ಕೋಟಿಯ ಆ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಯಾಕಿಲ್ಲ ಎಂದು ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾದ ಐವರೂ ಶಾಸಕರು ತಮ್ಮ ತಮ್ಮ ಕ್ಷೇತ್ರದ ಕಾಲೇಜಿಗೆ ಹೋಗಿ, ವಿಜ್ಞಾನದ ಮಕ್ಕಳ ಎದುರು ನಿಂತು ಉತ್ತರ ಹೇಳಬೇಕು.